ರಿಕೋಟೆಯ ಬುತ್ತಿ

ನೀವು ‘ಡಾನ್ ಕ್ವಿಕ್ಸೋಟ್’ ಓದಿದ್ದೀರಾ? ಪೂರ್ತಿ ಓದದಿದ್ದರೂ ಅಡ್ಡಿಯಿಲ್ಲ. ಗಾಳಿಗಿರಣಿಯನ್ನು ರಾಕ್ಷಸ ಅಂತ ತಿಳಿದು ಈಟಿ ಹಿಡಿದು ನುಗ್ಗಿದ ಮುದುಕ, ಅವನ ಹಿಂದೆ ಕತ್ತೆ ಏರಿ ಬರುವ ಡೊಳ್ಳುಹೊಟ್ಟೆಯ ಸಾಂಚೊ ಪಾನ್ಜಾ, ಇಷ್ಟು ಎಲ್ಲರಿಗೂ ಗೊತ್ತು. ಗಾಳಿಗಿರಣಿ ಬರುವುದು ಮೊದಲ ಭಾಗದ ಎಂಟನೇ ಅಧ್ಯಾಯದಲ್ಲಿ. ಬಹಳ ಮಂದಿ ಅಲ್ಲಿಗೇ ಪುಸ್ತಕ ಮುಚ್ಚಿಡುತ್ತಾರೆ. ನಾನು ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿರುವುದು ಎರಡನೇ ಭಾಗದ 54ನೇ ಅಧ್ಯಾಯಕ್ಕೆ. ಅಲ್ಲಿ ಇಬ್ಬರು ಹಳೇ ನೆರೆಯವರು ರಸ್ತೆ ಬದಿಯ ಹುಲ್ಲಿನ ಮೇಲೆ ಕೂತು ಊಟ ಮಾಡುತ್ತಾರೆ. ಒಬ್ಬ ಸಾಂಚೊ. ಇನ್ನೊಬ್ಬ ರಿಕೋಟೆ. ಸಾಂಚೊನ ಊರಲ್ಲೇ ಅಂಗಡಿ ಇಟ್ಟುಕೊಂಡಿದ್ದವನು, ಮುಸ್ಲಿಮರ ಸಂತತಿಯವನು, ದೇಶದಿಂದ ಹೊರಹಾಕಲ್ಪಟ್ಟವನು, ಈಗ ಕದ್ದು ವಾಪಸು ಬಂದವನು.

ಸ್ಪೇನ್ ಅಂದ ಕೂಡಲೇ ನಮ್ಮವರು ಎಂಥ ಲೇಖನ ಬರೆಯುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಕೊರ್ಡೊಬಾ ಮಸೀದಿಯ ಕಮಾನುಗಳು, ಅಲ್‌ಹಂಬ್ರದ ಕಾರಂಜಿಗಳು, ಇಬ್ನ್ ರುಶ್ದ್, ಇಬ್ನ್ ಅರಬಿ, ಇಕ್ಬಾಲರು ಕೊರ್ಡೊಬಾಕ್ಕೆ ಹೋಗಿ ಬಂದದ್ದು, ಕೊನೆಗೆ ಒಂದು ನಿಟ್ಟುಸಿರು. ಆ ಲೇಖನಗಳೆಲ್ಲ 1492ರ ಜನವರಿ 2ರಂದು ಗ್ರನಾಡಾದ ಕೊನೆಯ ದೊರೆ ಕೀಲಿಕೈ ಒಪ್ಪಿಸುವುದರೊಂದಿಗೆ ಮುಗಿದುಬಿಡುತ್ತವೆ. ದೊರೆ ಹೋದ, ಕಥೆ ಮುಗಿಯಿತು. ಆದರೆ ದೊರೆಯ ಜೊತೆ ಊರಿನ ಅಂಗಡಿಯವನೂ ತೋಟದವನೂ ರೇಷ್ಮೆ ನೂಲುವವಳೂ ಹೋಗಲಿಲ್ಲವಲ್ಲ? ಅವರು ಇನ್ನೂ 120 ವರ್ಷ ಅಲ್ಲೇ ಇದ್ದರು. ಅವರ ಬಗ್ಗೆ ನಾವು ಬರೆದದ್ದು ಕಡಿಮೆ. ಅವರಲ್ಲೊಬ್ಬನನ್ನು ಊಟಕ್ಕೆ ಕೂರಿಸಿದವನು ಸೆರ್ವಾಂಟಿಸ್. ಅವನೇನೂ ನಮ್ಮ ಪಕ್ಷದವನಲ್ಲ. 1571ರಲ್ಲಿ ಲೆಪಾಂಟೊ ಸಮುದ್ರಯುದ್ಧದಲ್ಲಿ ತುರ್ಕರ ವಿರುದ್ಧ ಹೋರಾಡಿ ಎಡಗೈ ಊನ ಮಾಡಿಕೊಂಡವನು. 1575ರಿಂದ 1580ರ ತನಕ, ಐದು ವರ್ಷ, ಅಲ್ಜೀರ್ಸ್‌ನಲ್ಲಿ ಸೆರೆಯಾಳಾಗಿದ್ದವನು. ಹಾಗಿದ್ದೂ ಅವನು ಬರೆದ ಈ ಊಟವನ್ನು ನಾವು ನಿಧಾನವಾಗಿ ಓದಬೇಕು ಅನ್ನುವುದೇ ಈ ಲೇಖನದ ಮಾತು.

ಮೊದಲು ಸ್ವಲ್ಪ ಚರಿತ್ರೆ ಹೇಳುತ್ತೇನೆ. ಅದಿಲ್ಲದೆ ಊಟದ ರುಚಿ ಗೊತ್ತಾಗುವುದಿಲ್ಲ. ಗ್ರನಾಡಾ ಬಿದ್ದಾಗ ಮುಸ್ಲಿಮರಿಗೆ ಅವರ ಧರ್ಮ, ಭಾಷೆ, ಕಾನೂನು ಉಳಿಸಿಕೊಡುತ್ತೇವೆ ಅಂತ ಒಪ್ಪಂದವಾಗಿತ್ತು. ಹತ್ತು ವರ್ಷದೊಳಗೆ ಆ ಒಪ್ಪಂದ ಮುರಿಯಿತು. ಮತಾಂತರ ಆಗಬೇಕು, ಇಲ್ಲ ದೇಶ ಬಿಡಬೇಕು. ಹಾಗೆ ಕ್ರೈಸ್ತರಾದವರನ್ನು ‘ಮೊರಿಸ್ಕೊ’ ಅಂತ ಕರೆದರು. ಮತಾಂತರ ಆದರೂ ಅನುಮಾನ ಹೋಗಲಿಲ್ಲ. 1567ರಲ್ಲಿ ದೊರೆ ಎರಡನೇ ಫಿಲಿಪ್ ಅರಬಿ ಮಾತಾಡಬಾರದು, ಹಳೇ ಉಡುಪು ತೊಡಬಾರದು, ಸ್ನಾನಗೃಹಗಳಿಗೆ ಹೋಗಬಾರದು ಅಂತ ಆಜ್ಞೆ ಹೊರಡಿಸಿದ. ಆಗ ಫ್ರಾನ್ಸಿಸ್ಕೊ ನೂನ್ಯೆಸ್ ಮುಲೆ ಅನ್ನುವ ಹಿರಿಯ ಮೊರಿಸ್ಕೊ ಒಬ್ಬರು ಗ್ರನಾಡಾದ ಅಧಿಕಾರಿಗಳಿಗೆ ಒಂದು ಮನವಿ ಬರೆದರು. ಅವರ ವಾದ ಸರಳ. ಈ ಉಡುಪು, ಈ ಸ್ನಾನ, ಈ ಭಾಷೆ ಧರ್ಮದ್ದಲ್ಲ, ಈ ಸೀಮೆಯದು. ಬೇರೆ ಕಡೆ ಅರಬಿ ಮಾತಾಡುವ ಕ್ರೈಸ್ತರೂ ಇದ್ದಾರೆ. ಯಾರೂ ಕೇಳಲಿಲ್ಲ. ಮರುವರ್ಷ ದಂಗೆ ಎದ್ದಿತು. ದಂಗೆಯನ್ನು ಹತ್ತಿಕ್ಕಿ ಗ್ರನಾಡಾದ ಮೊರಿಸ್ಕೊಗಳನ್ನು ಕ್ಯಾಸ್ಟೀಲಿನ ಊರೂರಿಗೆ ಚದುರಿಸಿದರು. 1609ರಲ್ಲಿ ಮೂರನೇ ಫಿಲಿಪ್ ಅವರನ್ನೆಲ್ಲ ದೇಶದಿಂದಲೇ ಹೊರಹಾಕಲು ಶುರುಮಾಡಿದ. 1614ರ ಹೊತ್ತಿಗೆ ಸುಮಾರು 3 ಲಕ್ಷ ಜನರನ್ನು ಹಡಗು ಹತ್ತಿಸಿಯೂ ಗಡಿ ದಾಟಿಸಿಯೂ ಕಳಿಸಿಯಾಗಿತ್ತು. ಕೊನೆಕೊನೆಗೆ ಹೊರಟವರಲ್ಲಿ ಮುರ್ಸಿಯಾ ಸೀಮೆಯ ರಿಕೋಟೆ ಕಣಿವೆಯವರು ಇದ್ದರು. ಕಾದಂಬರಿಯ ಎರಡನೇ ಭಾಗ ಅಚ್ಚಾದದ್ದು 1615ರಲ್ಲಿ. ಪಾತ್ರಕ್ಕೆ ರಿಕೋಟೆ ಅನ್ನುವ ಹೆಸರನ್ನು ಓದಿದ ಅಂದಿನ ಓದುಗನಿಗೆ ಯಾವ ಊರು ನೆನಪಾಗಿರಬೇಕು ಅಂತ ನೀವೇ ಊಹಿಸಿ.

ಈಗ ಊಟಕ್ಕೆ ಬರೋಣ. ಸಾಂಚೊ ಆಗಷ್ಟೇ ಒಂದು ‘ದ್ವೀಪ’ದ ರಾಜ್ಯಪಾಲಗಿರಿ ಬಿಟ್ಟು ಬರುತ್ತಿದ್ದಾನೆ. ಅದು ಡ್ಯೂಕ್ ದಂಪತಿ ತಮಾಷೆಗಾಗಿ ಕೊಟ್ಟ ಸುಳ್ಳು ಅಧಿಕಾರ. ಆ ಅಧಿಕಾರದಲ್ಲಿ ಅವನಿಗೆ ಸಿಗದೇ ಹೋದದ್ದು ಊಟ. ಮೇಜಿನ ಮೇಲೆ ಬಗೆಬಗೆಯ ತಟ್ಟೆಗಳು ಬರುತ್ತವೆ, ಪಕ್ಕದಲ್ಲಿ ನಿಂತ ವೈದ್ಯ ಕೋಲು ತೋರಿಸುತ್ತಾನೆ, ತಟ್ಟೆ ವಾಪಸು ಹೋಗುತ್ತದೆ. ಇದು ಉಷ್ಣ, ಅದು ವಾತ. ಸಾಕಾಗಿ ಹೋಗಿ ಸಾಂಚೊ ರಾಜೀನಾಮೆ ಕೊಟ್ಟು ಹೊರಟಾಗ ಅವನು ಕೇಳಿ ಪಡೆದದ್ದು ಕತ್ತೆಗೆ ಒಂದಿಷ್ಟು ಬಾರ್ಲಿ, ತನಗೆ ಅರ್ಧ ರೊಟ್ಟಿ, ಅರ್ಧ ಚೀಸ್. ದಾರಿಯಲ್ಲಿ ಆರು ಮಂದಿ ಪರದೇಶಿ ಯಾತ್ರಿಕರು ಹಾಡುತ್ತಾ ಭಿಕ್ಷೆ ಕೇಳುತ್ತಾ ಬರುತ್ತಾರೆ. ಸಾಂಚೊ ತನ್ನಲ್ಲಿದ್ದ ಆ ಅರ್ಧ ರೊಟ್ಟಿ, ಅರ್ಧ ಚೀಸನ್ನು ತೆಗೆದು ಕೊಟ್ಟುಬಿಡುತ್ತಾನೆ. ಇದನ್ನು ಗಮನಿಸಿ. ಯಾರು ಏನು ಅಂತ ಗೊತ್ತಾಗುವ ಮೊದಲೇ ಕೊಟ್ಟದ್ದು. ಆಮೇಲೆ ಅವರಲ್ಲೊಬ್ಬ ಬಂದು ಸಾಂಚೊನನ್ನು ಅಪ್ಪಿಕೊಳ್ಳುತ್ತಾನೆ. ನಾನು ಗೊತ್ತಾಗಲಿಲ್ವಾ, ನಿನ್ನ ಊರಿನ ಅಂಗಡಿಯ ರಿಕೋಟೆ ಅನ್ನುತ್ತಾನೆ. ಸಾಂಚೊ ಕತ್ತೆಯ ಮೇಲಿಂದಲೇ ಅವನ ಕೊರಳಿಗೆ ಕೈ ಹಾಕುತ್ತಾನೆ. ಈ ಕೋಡಂಗಿ ವೇಷದಲ್ಲಿ ಯಾರಿಗೆ ಗುರುತು ಸಿಕ್ಕೀತು, ಸಿಕ್ಕಿಬಿದ್ದರೆ ಏನು ಗತಿ ಮಾರಾಯ ಅಂತ ಹೆದರುತ್ತಾನೆ. ನೀನು ಹೇಳದಿದ್ದರೆ ಯಾರಿಗೂ ಗೊತ್ತಾಗದು ಅನ್ನುತ್ತಾನೆ ರಿಕೋಟೆ.

ಎಲ್ಲರೂ ಹುಲ್ಲಿನ ಮೇಲೆ ಕೂರುತ್ತಾರೆ. ಬುತ್ತಿ ಬಿಚ್ಚುತ್ತಾರೆ. ಸೆರ್ವಾಂಟಿಸ್ ಒಂದೊಂದನ್ನೂ ಲೆಕ್ಕ ಬರೆದಂತೆ ಬರೆಯುತ್ತಾನೆ. ರೊಟ್ಟಿ, ಉಪ್ಪು, ಚಾಕು, ಬೀಜಗಳು, ಚೀಸಿನ ಹೋಳು, ಒಣಗಿದ ಆಲಿವ್, ಮೀನಿನ ಮೊಟ್ಟೆಯಿಂದ ಮಾಡಿದ ಒಂದು ಕಪ್ಪು ತಿಂಡಿ. ಮತ್ತೆ, ಹಂದಿಯ ಒಣಮಾಂಸದ ಬರೀ ಎಲುಬುಗಳು. ಅಗಿಯಲು ಅದರಲ್ಲಿ ಏನೂ ಇಲ್ಲ, ಚೀಪಬಹುದು ಅಷ್ಟೆ. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ವೈನಿನ ಚೀಲ ತೆಗೆಯುತ್ತಾರೆ. ರಿಕೋಟೆಯದು ಉಳಿದ ಐದಕ್ಕೂ ಸಮ ಅನ್ನುವಷ್ಟು ದೊಡ್ಡದು.

ಈ ಎಲುಬು ಯಾಕೆ? ತಿನ್ನಲಿಕ್ಕಾಗದ ಎಲುಬನ್ನು ಯಾರಾದರೂ ಬುತ್ತಿಯಲ್ಲಿ ಹೊತ್ತು ತಿರುಗುತ್ತಾರಾ? ಆ ಕಾಲದ ಸ್ಪೇನಿನಲ್ಲಿ ಹೊರಬೇಕಾಗಿತ್ತು. ಮತವಿಚಾರಣೆಯ ನ್ಯಾಯಾಲಯಕ್ಕೆ ಮೊರಿಸ್ಕೊಗಳ ಮೇಲೆ ಹೋದ ದೂರುಗಳಲ್ಲಿ ಅಡುಗೆಮನೆಯ ಸಾಕ್ಷಿ ಎಷ್ಟೋ ಇತ್ತು. ಇವಳು ಹಂದಿ ತಿನ್ನುವುದಿಲ್ಲ. ಇವನು ವೈನ್ ಮುಟ್ಟುವುದಿಲ್ಲ. ಇವರ ಮನೆಯಲ್ಲಿ ನೆಲದ ಮೇಲೆ ಕೂತು ಕುಸ್‌ಕುಸ್ ತಿನ್ನುತ್ತಾರೆ. ನೆರೆಯವರ ಮೂಗೇ ಪೊಲೀಸ್. ಅಂಥ ಕಡೆ ಎಲುಬು ಒಂದು ಗುರುತಿನ ಚೀಟಿ. ಯಾರಾದರೂ ತಡೆದು ಕೇಳಿದರೆ ಚೀಪಿ ತೋರಿಸಬಹುದು. ರಿಕೋಟೆಯ ವೈನ್ ಚೀಲ ಎಲ್ಲರಿಗಿಂತ ದೊಡ್ಡದಾಗಿರುವುದೂ ಅದಕ್ಕೇ ಅಂತ ನನಗನ್ನಿಸುತ್ತದೆ. ಅನುಮಾನ ಯಾರ ಮೇಲೆ ಜಾಸ್ತಿಯೋ ಅವನ ಪುರಾವೆಯೂ ದೊಡ್ಡದಿರಬೇಕು. ಸೆರ್ವಾಂಟಿಸ್ ಇದನ್ನೆಲ್ಲ ವಿವರಿಸಿ ಹೇಳುವುದಿಲ್ಲ. ತಮಾಷೆಯ ಧಾಟಿಯಲ್ಲಿ ಹೇಳಿ ಮುಂದೆ ಹೋಗುತ್ತಾನೆ. ನಗುತ್ತಾ ಓದುವವರು ಓದಬಹುದು. ಬಾಡಿಗೆ ಮನೆ ಕೇಳಲು ಹೋದಾಗ ‘ಮನೆಯಲ್ಲಿ ಏನು ಬೇಯಿಸ್ತೀರಿ?’ ಅನ್ನುವ ಪ್ರಶ್ನೆ ಎದುರಿಸಿದ ಓದುಗನಿಗೆ ಅಷ್ಟು ಸುಲಭವಾಗಿ ನಗು ಬರುವುದಿಲ್ಲ.

ಆ ಎಲುಬಿನ ಬಗ್ಗೆ ಯೋಚಿಸುವಂತೆ ಮಾಡಿದ್ದು ಒಂದು ಮೆನು ಕಾರ್ಡು. ನಾನು ನವಿ ಮುಂಬಯಿಯ ತುರ್ಭೆಯಲ್ಲಿ, ಎಪಿಎಂಸಿಯ ಮಸಾಲೆ ಮಾರ್ಕೆಟಿನ ಒಂದು ಗಾಳಾದಲ್ಲಿ ಲೆಕ್ಕ ಬರೆಯುವವನು. ತುರ್ಭೆ ಸ್ಟೇಷನ್ನಿನಲ್ಲಿ ಇಳಿದು ನಡೆದು ಬಂದರೆ ಮಾರ್ಕೆಟಿಗೆ ಮುಂಚೆಯೇ ಮೂಗಿಗೆ ಮೆಣಸಿನ ಘಾಟು ಹತ್ತುತ್ತದೆ. ಹೊಸಬರು ಸೀನುತ್ತಾರೆ, ನಮಗೆ ರೂಢಿಯಾಗಿದೆ. ಬ್ಯಾಡಗಿಯಿಂದ, ಗುಂಟೂರಿನಿಂದ ಮೆಣಸಿನ ಚೀಲ ಬರುತ್ತವೆ. ನನ್ನ ಗೆಳೆಯ ಹಾವೇರಿ ಕಡೆಯವನು, ಬ್ಯಾಡಗಿ ಮಾಲಿನ ದಲಾಲಿಯಲ್ಲಿದ್ದಾನೆ. ಲಿಂಗಾಯತರ ಮನೆಯವನು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಾನು ಬ್ಯಾರಿ, ಹಲಾಲ್ ಅಂತ ಗೊತ್ತಿಲ್ಲದ ಮಾಂಸ ಮುಟ್ಟುವುದಿಲ್ಲ. ಇಬ್ಬರೂ ಎಷ್ಟೋ ವರ್ಷದಿಂದ ಮಧ್ಯಾಹ್ನ ಉಡುಪಿ ಹೋಟೆಲಿನ ರೈಸ್‌ಪ್ಲೇಟಿಗೆ ಒಟ್ಟಿಗೇ ಹೋಗುವವರು. ಒಂದು ದಿನ ಅವನಿಗೆ ದೊಡ್ಡ ಸೌದೆಯಾಗಿ ಖುಷಿಯಲ್ಲಿದ್ದ. ವಾಶಿ ಕಡೆ ಸ್ಪೇನ್ ದೇಶದ ಊಟ ಕೊಡುವ ಹೋಟೆಲಿದೆ ಅಂತ ಯಾರೋ ಹೇಳಿದ್ದರು. ‘ನಡಿಯಪ್ಪಾ, ಇವತ್ತ ಅದನ್ನೂ ನೋಡೇಬಿಡೂಣು’ ಅಂದ. ಆಟೋ ಹತ್ತಿದೆವು.

ಮೆನು ಕೈಗೆ ಬಂದಾಗ ಅವನು ಎರಡು ಸಲ ಮೇಲಿಂದ ಕೆಳಗೆ ಓದಿ ‘ಇದರಾಗ ನಾನು ತಿನ್ನೂದು ಏನೈತಿ?’ ಅಂತ ಕೇಳಿದ. ‘ನನಗೂ ಎಂತ ಉಂಟು ಮಾರಾಯ, ಅರ್ಧ ಕಾರ್ಡು ಹಂದಿಯೇ’ ಅಂದೆ. ವೇಟರ್ ಹುಡುಗ ಒಳ್ಳೆಯವನು, ಇಬ್ಬರನ್ನೂ ನೋಡಿ ಸಮಸ್ಯೆ ಅರ್ಥ ಮಾಡಿಕೊಂಡ. ಕೊನೆಗೆ ನಾವು ಇಬ್ಬರೂ ತಿನ್ನಬಹುದಾದದ್ದನ್ನು ಹುಡುಕಿದೆವು. ಬ್ರೆಡ್ಡು, ಆಲಿವ್, ಕೆಂಪು ಖಾರ ಹಾಕಿದ ಆಲೂಗಡ್ಡೆ, ತರಕಾರಿ ಹಾಕಿದ ಕೇಸರಿ ಅನ್ನ, ಮತ್ತೆ ಒಂದು ಬದನೆಕಾಯಿ. ಈ ಬದನೆ ಕೊರ್ಡೊಬಾ ಕಡೆಯ ತಿಂಡಿ. ಉದ್ದುದ್ದ ಸೀಳಿ, ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಕರಿದು, ಮೇಲೆ ಕಬ್ಬಿನ ಪಾಕ ಸುರಿದು ಕೊಡುತ್ತಾರೆ. ನಮ್ಮ ಜೋನಿಬೆಲ್ಲದ ಹಾಗೆಯೇ. ಗೆಳೆಯ ಒಂದು ತುಂಡು ಬಾಯಿಗಿಟ್ಟು ‘ಇದು ನಮ್ಮ ಬದನಿಕಾಯಿ ಬಜ್ಜಿ ಅಲ್ಲೇನೋ! ಮ್ಯಾಲ ಬೆಲ್ಲ ಯಾಕ ಸುರದಾರ?’ ಅಂದ. ಎರಡನೇ ತಟ್ಟೆಯನ್ನೂ ಅವನೇ ತರಿಸಿದ.

ಆ ಮೇಜನ್ನು ನಾನು ಒಂದು ಪಠ್ಯದ ಹಾಗೆ ಓದಿದೆ. ಆಲಿವಿಗೆ ಸ್ಪ್ಯಾನಿಷಿನಲ್ಲಿ ‘ಅಸೆಯ್ತೂನಾ’, ಅರಬಿಯ ‘ಅಝ್-ಝೈತೂನಾ’. ಅಕ್ಕಿಗೆ ‘ಅರ್ರೋಸ್’, ಅರಬಿಯ ‘ಅರ್-ರುಝ್’. ಕೇಸರಿಗೆ ‘ಅಸಫ್ರಾನ್’, ಅರಬಿಯ ‘ಝಾಫರಾನ್’. ಬದನೆಗೆ ‘ಬೆರೆನ್‌ಹೇನಾ’, ಅರಬಿಯ ‘ಬಾದಿಂಜಾನ್’. ಆ ಬಾದಿಂಜಾನ್ ಪರ್ಶಿಯಾದಿಂದ, ಪರ್ಶಿಯಾಕ್ಕೆ ಭಾರತದಿಂದ ಹೋದದ್ದು. ಅದರ ಬೇರು ದ್ರಾವಿಡ ಭಾಷೆಗಳಲ್ಲಿದೆ, ನಮ್ಮ ‘ಬದನೆ’ಯ ಬಳಗದ್ದೇ ಅಂತ ಹೇಳುವ ಭಾಷಾಶಾಸ್ತ್ರಜ್ಞರೂ ಇದ್ದಾರೆ. ಆಲೂಗಡ್ಡೆಯೂ ಮೆಣಸೂ ಅರಬಿಗಳದಲ್ಲ, ಅವು ಅಮೆರಿಕಾದಿಂದ ಬಂದವು. ಗ್ರನಾಡಾ ಬಿದ್ದ ಅದೇ 1492ರ ಆಗಸ್ಟಿನಲ್ಲಿ ಕೊಲಂಬಸ್ ಹೊರಟ. ಆ ದಾರಿಯಲ್ಲಿ ಸ್ಪೇನಿಗೆ ಬಂದ ಮೆಣಸೇ ಅವರ ‘ಪಿಮೆಂಟೋನ್’ ಪುಡಿ. ಪೋರ್ಚುಗೀಸರ ಕೈಯಲ್ಲಿ ನಮ್ಮ ಕಡೆ ಬಂದದ್ದು ಮುಂದೆ ಬ್ಯಾಡಗಿಯಾಯಿತು. ಎರಡಕ್ಕೂ ಖಾರಕ್ಕಿಂತ ಬಣ್ಣವೇ ಹೆಸರು. ಗೆಳೆಯ ಆಲೂಗಡ್ಡೆಯ ಮೇಲಿನ ಕೆಂಪನ್ನು ಬೆರಳಲ್ಲಿ ಒರೆಸಿ ನೋಡಿ ‘ಕಲರ್ ಛಲೋ ಐತಿ, ಖಾರ ಇಲ್ಲ. ನಮ್ಮ ಡಬ್ಬಿ ಕಾಯಿ ಇದ್ದಂಗ’ ಅಂದ. ಅದು ಅವನ ವಿಮರ್ಶೆ. ನನ್ನದಕ್ಕಿಂತ ಚೆನ್ನಾಗಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಇಂಥ ಪದಗಳ ಪಟ್ಟಿ ಸಿಕ್ಕಿದರೆ ನಮ್ಮ ಲೇಖನಗಳು ‘ನೋಡಿ, ಎಲ್ಲವೂ ನಮ್ಮದೇ’ ಅನ್ನುವ ಕಡೆ ಓಡುತ್ತವೆ. ಕೇಸರಿ ಅನ್ನದ ‘ಪಯೇಯಾ’ ಅನ್ನುವ ಹೆಸರು ಅರಬಿಯ ‘ಬಕಿಯ್ಯಾ’, ಅಂದರೆ ಉಳಿದ ಅನ್ನ, ಅನ್ನುವುದರಿಂದ ಬಂತು ಅಂತ ಒಂದು ಕಥೆ ಓಡಾಡುತ್ತಿದೆ. ಅದು ಸುಳ್ಳು. ಅದು ವಲೆನ್ಸಿಯಾದವರು ಬಾಣಲೆಗೆ ಹೇಳುವ ಹೆಸರು, ಮೂಲ ಲ್ಯಾಟಿನ್. ಅಕ್ಕಿ ಅರಬರು ತಂದದ್ದು, ಬಾಣಲೆ ರೋಮನರದು, ಕೆಂಪು ಪುಡಿ ಅಮೆರಿಕಾದ್ದು. ಒಂದು ತಟ್ಟೆಗೆ ಇಷ್ಟು ಮಂದಿ ಹಕ್ಕುದಾರರಿರುವಾಗ ಒಬ್ಬರೇ ಪಹಣಿ ಬರೆಸಿಕೊಳ್ಳಲಿಕ್ಕೆ ಹೋಗಬಾರದು. ತಟ್ಟೆಯ ಶುದ್ಧತೆ ಹುಡುಕಿದವರು ಯಾರು ಅಂತ ಆಗಲೇ ನೋಡಿದೆವಲ್ಲ.

ಈ ಬೆರಕೆಯ ಬಗ್ಗೆ ಸೆರ್ವಾಂಟಿಸ್‌ಗೆ ಚೆನ್ನಾಗಿ ಗೊತ್ತಿತ್ತು. ಅವನ ಕಾದಂಬರಿಯ ಒಳಗೇ ಒಂದು ಕಟ್ಟುಕಥೆ ಇದೆ. ಈ ಪುಸ್ತಕ ಬರೆದವನು ನಾನಲ್ಲ, ಸಿದೆ ಹಮೆತೆ ಬೆನೆಂಗೆಲಿ ಅನ್ನುವ ಅರಬ್ ಇತಿಹಾಸಕಾರ ಅನ್ನುತ್ತಾನೆ. ಟೊಲೆಡೊದ ಪೇಟೆಯಲ್ಲಿ ಅರಬಿ ಹಸ್ತಪ್ರತಿ ರದ್ದಿಗೆ ಬಂದಿತ್ತಂತೆ. ಅದನ್ನು ಅನುವಾದಿಸಿದವನು ಒಬ್ಬ ಮೊರಿಸ್ಕೊ. ಕೂಲಿ ಎಷ್ಟು ಗೊತ್ತಾ? ಎರಡು ಅರೋಬಾ ಒಣದ್ರಾಕ್ಷಿ, ಎರಡು ಫನೇಗಾ ಗೋಧಿ. ಒಂದು ಅರೋಬಾ ಅಂದರೆ ಹನ್ನೊಂದೂವರೆ ಕಿಲೋ ಆಸುಪಾಸು. ಯುರೋಪಿನ ಮೊದಲ ಆಧುನಿಕ ಕಾದಂಬರಿ ಅಂತ ಹೆಸರಾದ ಪುಸ್ತಕದ ಅನುವಾದಕನಿಗೆ ಸುಮಾರು 23 ಕಿಲೋ ದ್ರಾಕ್ಷಿ, ಮೇಲೆ ಗೋಧಿ. ಅಂದ ಹಾಗೆ ಆ ಎರಡು ಅಳತೆಯ ಹೆಸರೂ ಅರಬಿಯಿಂದ ಬಂದವೇ. ಎರಡನೇ ಭಾಗದಲ್ಲಿ ಸಾಂಚೊ ಆ ಇತಿಹಾಸಕಾರನ ಹೆಸರನ್ನು ನೆಟ್ಟಗೆ ಹೇಳಲಾರದೆ ಬೆರೆನ್‌ಹೇನಾ, ಅಂದರೆ ಬದನೆಕಾಯಿ, ಅನ್ನುತ್ತಾನೆ. ಮೂರ್ ಜನರಿಗೆ ಬದನೆ ಅಂದರೆ ಪ್ರಾಣ ಅಂತ ಕೇಳಿದ್ದೇನೆ ಅಂತಲೂ ಸೇರಿಸುತ್ತಾನೆ. ಊಟದ ಮೇಲೆ ಜನರಿಗೆ ಅಡ್ಡಹೆಸರು ಇಡುವುದು ಹೊಸದೇನಲ್ಲ. ಆದರೆ ಸೆರ್ವಾಂಟಿಸ್ ಆ ಬದನೆಕಾಯಿಯವನ ಕೈಯಲ್ಲೇ ಇಡೀ ಪುಸ್ತಕ ಬರೆಸಿದ್ದಾನೆ.

ರಸ್ತೆ ಬದಿಯ ಊಟಕ್ಕೆ ವಾಪಸು ಹೋಗೋಣ. ವೈನ್ ಖಾಲಿಯಾಗುತ್ತಾ ಬರುತ್ತದೆ. ಯಾತ್ರಿಕರು ಸಾಂಚೊನ ಕೈ ಹಿಡಿದು ತಮ್ಮ ಹರುಕು ಭಾಷೆಯಲ್ಲಿ ಸ್ಪೇನಿನವ, ಜರ್ಮನ್, ಎಲ್ಲ ಒಂದೇ, ಒಳ್ಳೇ ಜೊತೆಗಾರ ಅನ್ನುತ್ತಾರೆ. ಸಾಂಚೊ ಹೌದು ಹೌದು ಅಂತ ನಗುತ್ತಾನೆ. ಇದು ಎಷ್ಟು ಚೆಂದದ ಸೌಹಾರ್ದ ಅಂತ ಹೇಳುವ ಓದು ಇದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ‘ಎಲ್ಲ ಒಂದೇ’ ಅನ್ನುವ ಆ ಪಟ್ಟಿಯಲ್ಲಿ ಸ್ಪೇನಿನವನಿದ್ದಾನೆ, ಜರ್ಮನ್ ಇದ್ದಾನೆ. ಮೊರಿಸ್ಕೊ ಇಲ್ಲ. ಅಲ್ಲೇ ಕೂತಿರುವ ರಿಕೋಟೆ ಆ ಒಗ್ಗಟ್ಟಿನೊಳಗೆ ಇರುವುದು ಜರ್ಮನ್ ವೇಷದಲ್ಲಿ. ಇಂಥ ಸೌಹಾರ್ದ ಕೂಟಗಳನ್ನು ನೀವೂ ನೋಡಿದ್ದೀರಿ.

ಉಳಿದವರು ನಿದ್ದೆ ಹೋದ ಮೇಲೆ ಇಬ್ಬರೂ ಪಕ್ಕಕ್ಕೆ ಸರಿದು ಮರದ ಬುಡದಲ್ಲಿ ಕೂರುತ್ತಾರೆ. ಇಲ್ಲಿ ರಿಕೋಟೆ ತನ್ನ ಕಥೆ ಹೇಳುತ್ತಾನೆ. ಯಾವ ಭಾಷೆಯಲ್ಲಿ? ಒಂದು ತೊದಲೂ ಇಲ್ಲದ ಅಚ್ಚ ಕ್ಯಾಸ್ಟೀಲಿಯನ್ನಿನಲ್ಲಿ ಅಂತ ಸೆರ್ವಾಂಟಿಸ್ ಬೇಕೆಂದೇ ಹೇಳುತ್ತಾನೆ. ದೇಶ ಬಿಟ್ಟವರು ಎಲ್ಲಿದ್ದರೂ ಸ್ಪೇನನ್ನು ನೆನೆದು ಅಳುತ್ತಾರೆ, ಹುಟ್ಟಿದ್ದು ಅಲ್ಲಿ, ಸ್ವಂತ ನೆಲ ಅದೇ ಅನ್ನುತ್ತಾನೆ. ಉತ್ತರ ಆಫ್ರಿಕಾದಲ್ಲಿ ನಮ್ಮನ್ನು ಅಪ್ಪಿಕೊಳ್ಳುತ್ತಾರೆ ಅಂತ ಆಸೆಪಟ್ಟಿದ್ದೆವು, ಅಲ್ಲೇ ಜಾಸ್ತಿ ಕಷ್ಟ ಕೊಟ್ಟರು ಅಂತಲೂ ಹೇಳುತ್ತಾನೆ. ಈ ಮಾತನ್ನು ನಮ್ಮವರು ಹಾರಿಸಿ ಓದುತ್ತಾರೆ. ಹಾರಿಸಬಾರದು. ಹೊರಹಾಕಿದ ರಾಜನ ಆಜ್ಞೆ ಸರಿಯೇ, ನಮ್ಮಲ್ಲಿ ಕೆಟ್ಟವರಿದ್ದರು ಅಂತ ರಿಕೋಟೆಯ ಬಾಯಲ್ಲೇ ಬರುತ್ತದೆ. ಅದನ್ನೂ ಹಾರಿಸಬಾರದು. ಅಚ್ಚಿಗೆ ಪರವಾನಗಿ ಬೇಕಿದ್ದ ಕಾಲದಲ್ಲಿ ಲೇಖಕ ಹಾಗೆ ಬರೆದನೋ, ಹೆದರಿದ ಮನುಷ್ಯ ಹಾಗೆ ಮಾತಾಡುತ್ತಾನೆ ಅಂತ ತೋರಿಸಲು ಬರೆದನೋ, ಎರಡು ಓದಿಗೂ ಅಲ್ಲಿ ಜಾಗ ಇದೆ. ಇನ್ನೊಂದು ವಿಷಯ. ಹೆಂಡತಿ, ಮಗಳು ನಿಜವಾದ ಕ್ರೈಸ್ತರು, ತಾನು ಅಷ್ಟಲ್ಲದಿದ್ದರೂ ಮೂರ್‌ಗಿಂತ ಕ್ರೈಸ್ತನೇ ಜಾಸ್ತಿ ಅನ್ನುತ್ತಾನೆ. ಹಾಗಾಗಿ ರಿಕೋಟೆಯನ್ನು ‘ನಮ್ಮವ’ ಅಂತ ಎಳೆದುಕೊಳ್ಳಲಿಕ್ಕೂ ಬರುವುದಿಲ್ಲ. ಅವನು ಕೇಳುವುದು ಇಷ್ಟೇ: ನನ್ನ ಊರು.

ಆಮೇಲೆ ಅಸಲು ವಿಷಯ ಬರುತ್ತದೆ. ಹೋಗುವಾಗ ರಿಕೋಟೆ ಊರಿನ ಹೊರಗೆ ಸಂಪತ್ತು ಹೂತಿಟ್ಟು ಹೋಗಿದ್ದಾನೆ. ಅದನ್ನು ತೆಗೆಯಲು ಸಹಾಯ ಮಾಡಿದರೆ ಸಾಂಚೊಗೆ 200 ಎಸ್ಕೂಡೊ ಕೊಡುತ್ತಾನೆ. ಸಾಂಚೊ ಒಪ್ಪುವುದಿಲ್ಲ. ದುಡ್ಡಿನ ಆಸೆ ನನಗಿಲ್ಲ, ರಾಜನ ವೈರಿಗಳಿಗೆ ನೆರವಾದರೆ ರಾಜದ್ರೋಹವಾಗುತ್ತದೆ, 400 ಎಸ್ಕೂಡೊ ಈಗಲೇ ಎಣಿಸಿದರೂ ಬರುವುದಿಲ್ಲ ಅನ್ನುತ್ತಾನೆ. ಆದರೆ ನನ್ನಿಂದ ನಿನ್ನ ಗುಟ್ಟು ಹೊರಗೆ ಹೋಗದು, ಅಷ್ಟಕ್ಕೆ ತೃಪ್ತಿಪಡು ಅನ್ನುತ್ತಾನೆ. ರಿಕೋಟೆಯ ಮಗಳು ಊರು ಬಿಟ್ಟ ದಿನದ ನೆನಪನ್ನೂ ಹೇಳುತ್ತಾನೆ. ಊರೇ ನೋಡಲು ಬಂದಿತ್ತಂತೆ. ಅವಳು ಅಳುತ್ತಾ ಗೆಳತಿಯರನ್ನೆಲ್ಲ ಅಪ್ಪಿಕೊಂಡಳಂತೆ. ಅಷ್ಟು ಸುಲಭವಾಗಿ ಅಳದ ಸಾಂಚೊನೂ ಅತ್ತನಂತೆ. ಅವಳನ್ನು ಬಚ್ಚಿಡಬೇಕು, ದಾರಿಯಲ್ಲಿ ತಡೆದು ಕರೆತರಬೇಕು ಅಂತ ಬಹಳ ಮಂದಿಗೆ ಅನ್ನಿಸಿತ್ತಂತೆ. ರಾಜಾಜ್ಞೆಯ ಭಯ ಅವರನ್ನು ತಡೆಯಿತು.

ಈ ವಾಕ್ಯದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಮನಸ್ಸಿತ್ತು, ಕಣ್ಣೀರಿತ್ತು, ಮಾಡಲಿಲ್ಲ. 3 ಲಕ್ಷ ಜನ ಹಾಗೆಯೇ ಹೋದದ್ದು. ಅವರನ್ನು ದ್ವೇಷಿಸುವವರು ಮಾತ್ರ ಇದ್ದ ಊರುಗಳಿಂದಲ್ಲ, ಅವರಿಗಾಗಿ ಅಳುವವರೂ ಇದ್ದ ಊರುಗಳಿಂದ. ರಿಕೋಟೆಯನ್ನು ಬೀಳ್ಕೊಟ್ಟು ಹೊರಟ ಸಾಂಚೊ ಅದೇ ರಾತ್ರಿ ಕತ್ತಲಲ್ಲಿ ಕತ್ತೆಯ ಸಮೇತ ಒಂದು ಆಳವಾದ ಗುಂಡಿಗೆ ಬೀಳುತ್ತಾನೆ. ಅಗೆಯಲಿಕ್ಕೆ ಬರುವುದಿಲ್ಲ ಅಂದವನನ್ನು ನೆಲವೇ ಒಳಗೆ ಎಳೆದುಕೊಂಡ ಹಾಗಿದೆ. ಸೆರ್ವಾಂಟಿಸ್ ಇದಕ್ಕೆ ನೀತಿ ಕಟ್ಟುವುದಿಲ್ಲ. ನಾನೂ ಕಟ್ಟುವುದಿಲ್ಲ. ಆದರೆ ಎರಡು ಅಧ್ಯಾಯಗಳು ಅಕ್ಕಪಕ್ಕ ಇರುವುದು ಸುಮ್ಮನೆ ಅಂತ ನನಗನ್ನಿಸುವುದಿಲ್ಲ.

ಹಾಗಾದರೆ ಸಾಂಚೊ ಎಂಥ ಗೆಳೆಯ? ನಮ್ಮ ಸೌಹಾರ್ದ ಸಭೆಗಳಲ್ಲಿ ಒಟ್ಟಿಗೆ ಊಟ ಮಾಡುವುದನ್ನೇ ದೊಡ್ಡದು ಮಾಡುತ್ತೇವೆ. ಇಫ್ತಾರಿಗೆ ಬಂದ, ಹಬ್ಬಕ್ಕೆ ಹೋಳಿಗೆ ಕೊಟ್ಟ, ಬಿರಿಯಾನಿ ತಿಂದ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ 54ನೇ ಅಧ್ಯಾಯ ಓದಿದ ಮೇಲೆ ಊಟ ಅಷ್ಟು ದೂರ ಹೋಗುವುದಿಲ್ಲ ಅಂತ ಗೊತ್ತಾಗುತ್ತದೆ. ಸಾಂಚೊ ತಿಂದ, ಕುಡಿದ, ಅಪ್ಪಿಕೊಂಡ, ಹೊರಟ. ಅವನ ಗೆಳೆತನದ ಲೆಕ್ಕ ಸರಿಯಾಗಿ ತೆಗೆಯಬೇಕಾದರೆ ಇನ್ನೂ ಒಂಬತ್ತು ಅಧ್ಯಾಯ ಕಾಯಬೇಕು.

ಅದನ್ನು ಹೇಳುವ ಮೊದಲು ನನ್ನ ಗೆಳೆಯನ ಒಂದು ಮಾತು. ಮೂರು ವರ್ಷದ ಹಿಂದೆ ನಾನು ಬಾಡಿಗೆ ಫ್ಲಾಟ್ ಹುಡುಕುತ್ತಿದ್ದೆ. ಒಂದು ಸೊಸೈಟಿಯಲ್ಲಿ ಎಲ್ಲ ಮಾತು ಮುಗಿದು ಡಿಪಾಸಿಟ್ ತನಕ ಬಂದಿತ್ತು. ಹೆಸರು ಕೇಳಿದ ಮೇಲೆ ‘ನಮ್ಮಲ್ಲಿ ಫ್ಯಾಮಿಲಿಯವರು ವೆಜಿಟೇರಿಯನ್’ ಅಂದರು. ಗೆಳೆಯ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಅದೇ ಮನೆ ಕಣ್ಣು ಮುಚ್ಚಿ ಕೊಡುತ್ತಿದ್ದರು. ಅವನು ಮಾತಾಡಲಿಲ್ಲ, ಮೊಬೈಲ್ ನೋಡುತ್ತಿದ್ದ. ಕೆಳಗೆ ಬಂದ ಮೇಲೆ ‘ಬಿಡಪಾ, ಬ್ಯಾರೆ ಕಡೆ ನೋಡೂಣು’ ಅಂದ. ಕೊನೆಗೆ ಬೇರೆ ಕಡೆ ಸಿಕ್ಕಿತು. ಅಲ್ಲಿ ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೆ ಕೊಡುವ ಫಾರ್ಮ್ ತುಂಬಬೇಕು. ಅದರಲ್ಲಿ ‘ನಿಮ್ಮನ್ನು ಬಲ್ಲವರು’ ಅಂತ ಒಂದು ಜಾಗ ಇದೆ. ಹೆಸರು, ವಿಳಾಸ, ಫೋನ್ ನಂಬರ್. ನಾನು ಕೇಳುವ ಮೊದಲೇ ಪೆನ್ನು ಕಸಿದುಕೊಂಡು ತನ್ನ ಹೆಸರು ಬರೆದ. ‘ಫೋನ್ ಬಂದ್ರ ನಾ ಮಾತಾಡ್ತೀನಿ, ನೀ ಸುಮ್ಮನಿರು’ ಅಂದ. ಮೊದಲ ಮನೆಯ ಮೌನವನ್ನೂ ನಾನು ಮರೆತಿಲ್ಲ, ಎರಡನೇ ಮನೆಯ ಸಹಿಯನ್ನೂ ಮರೆತಿಲ್ಲ. ಎರಡೂ ಒಬ್ಬನದೇ.

ಈಗ 63ನೇ ಅಧ್ಯಾಯ. ಬಾರ್ಸೆಲೋನಾದ ಕಡಲು. ಒಂದು ತುರ್ಕಿ ಹಡಗನ್ನು ಹಿಡಿಯುತ್ತಾರೆ. ಅದರ ನಾಯಕನ ಕೊರಳಿಗೆ ಹಗ್ಗ ಬಿದ್ದಾಗಿದೆ. ಅವನು ಗಂಡಸಲ್ಲ, ಗಂಡಸಿನ ವೇಷದಲ್ಲಿರುವ ರಿಕೋಟೆಯ ಮಗಳು ಆನಾ ಫೆಲಿಸ್. ಅವಳು ತನ್ನ ಕಥೆ ಹೇಳುತ್ತಾಳೆ. ಅಲ್ಲೇ ಯಾತ್ರಿಕನ ವೇಷದಲ್ಲಿದ್ದ ರಿಕೋಟೆ ಓಡಿಬಂದು ಮಗಳ ಕಾಲು ಹಿಡಿದುಕೊಳ್ಳುತ್ತಾನೆ. ವೈಸರಾಯ್ ಎದುರಿಗಿದ್ದಾನೆ, ನೌಕಾಪಡೆಯ ಸೇನಾಪತಿ ಎದುರಿಗಿದ್ದಾನೆ. ಇವನು ಹೇಳುವುದು ನಿಜ ಅಂತ ಹೇಳುವವರು ಯಾರು? ಆಗ ಸಾಂಚೊ ಬಾಯಿ ತೆರೆಯುತ್ತಾನೆ. ರಿಕೋಟೆಯನ್ನು ನಾನು ಚೆನ್ನಾಗಿ ಬಲ್ಲೆ, ಇವಳು ಅವನ ಮಗಳು ಅನ್ನುವುದು ನಿಜ ಅನ್ನುತ್ತಾನೆ. ಬಂದದ್ದು ಹೋದದ್ದು, ಒಳ್ಳೆ ಉದ್ದೇಶ ಕೆಟ್ಟ ಉದ್ದೇಶ, ಅದಕ್ಕೆಲ್ಲ ನಾನು ಕೈಹಾಕುವುದಿಲ್ಲ ಅಂತಲೂ ಸೇರಿಸುತ್ತಾನೆ. ಸಾಂಚೊ ಸಾಂಚೊನೇ. ಧೀರನಾಗಲಿಲ್ಲ. ಗೊತ್ತಿದ್ದದ್ದನ್ನಷ್ಟೇ ಹೇಳಿದ. ಆದರೆ ಗುಟ್ಟಿನಲ್ಲಿ ಮರದ ಬುಡದಲ್ಲಿ ಹೇಳಿದ್ದಲ್ಲ. ಶಿಕ್ಷೆ ಕೊಡುವ ಅಧಿಕಾರ ಇದ್ದವರ ಎದುರು, ಎಲ್ಲರೂ ಕೇಳುವ ಹಾಗೆ ಹೇಳಿದ. ನಮ್ಮ ಧರ್ಮದಲ್ಲಿ ಸಾಕ್ಷಿ ನುಡಿಯುವುದಕ್ಕೆ ಎಷ್ಟು ತೂಕ ಇದೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ.

ರಸ್ತೆ ಬದಿಯ ಊಟಕ್ಕೆ ಬೆಲೆ ಬರುವುದು ಇಲ್ಲಿ. ಹಾಗೆ ಒಟ್ಟಿಗೆ ಕೂತು ತಿಂದದ್ದರಿಂದಲೇ, ವೇಷದೊಳಗಿನ ಮನುಷ್ಯನ ಮಾತನ್ನು ಅವನ ಬಾಯಿಂದಲೇ ಕೇಳಿದ್ದರಿಂದಲೇ ಸಾಂಚೊಗೆ ‘ನಾನು ಬಲ್ಲೆ’ ಅನ್ನುವ ಹಕ್ಕು ಬಂತು. ಊಟ ಗೆಳೆತನದ ಪುರಾವೆಯಲ್ಲ, ಮುಂದೊಂದು ದಿನ ಕೊಡಬೇಕಾದ ಸಾಕ್ಷಿಗೆ ಮಾಡಿಕೊಳ್ಳುವ ತಯಾರಿ. ನನ್ನ ವಿಮರ್ಶೆ ಇಷ್ಟೇ.

ಸೆರ್ವಾಂಟಿಸ್ ಸುಖಾಂತ್ಯ ಬರೆಯಲಿಲ್ಲ. ಹಗ್ಗ ಕೊರಳಿಂದ ಬಂತು, ತಂದೆ ಮಗಳಿಗೆ ಆಸರೆ ಸಿಕ್ಕಿತು, ಅವರು ಸ್ಪೇನಿನಲ್ಲೇ ಉಳಿಯಲು ಅರಮನೆಯಲ್ಲಿ ಪ್ರಯತ್ನ ಮಾಡೋಣ ಅಂತ ದೊಡ್ಡವರು ಮಾತಾಡಿಕೊಂಡರು. ಹೊರಹಾಕುವ ಕೆಲಸದ ಉಸ್ತುವಾರಿ ಹೊತ್ತ ಸಲಾಸಾರ್ ಕೌಂಟ್ ಅನ್ನುವ ನಿಜವಾದ ಅಧಿಕಾರಿಯ ಹೆಸರು ಹೇಳಿ ರಿಕೋಟೆಯೇ ಅಂದ: ಅವನ ಮುಂದೆ ವಶೀಲಿ, ಕಾಣಿಕೆ, ಕಣ್ಣೀರು ಏನೂ ನಡೆಯುವುದಿಲ್ಲ. ಅರ್ಜಿಯ ಫಲಿತಾಂಶ ಏನಾಯಿತು ಅಂತ ಕಾದಂಬರಿಯಲ್ಲಿ ಇಲ್ಲ. ಕಡತ ಇನ್ನೂ ತೆರೆದೇ ಇದೆ. ಸಿಕ್ಕಿದರೆ ಆ ಪುಸ್ತಕ ತೆಗೆದು ಗಾಳಿಗಿರಣಿ ದಾಟಿ ಅಲ್ಲಿಯ ತನಕ ಓದಿ. ಓದಿ ಮುಗಿಸಿದ ಮೇಲೆ, ನಿಮ್ಮ ಹೆಸರಿನ ಮುಂದಿನ ‘ಬಲ್ಲವರು’ ಅನ್ನುವ ಜಾಗದಲ್ಲಿ ಯಾರು ಸಹಿ ಹಾಕಿಯಾರು ಅಂತ ಯೋಚಿಸಿ. ನೀವು ಯಾರಿಗೆ ಹಾಕೀರಿ ಅಂತಲೂ ಯೋಚಿಸಿ.